ನೀಲಿ ಚಿಟ್ಟೆಗಳ ಜಾಡು ಹಿಡಿದ ಸಾಹಿತಿ

ಮಳೆ ನಿಂತು ಬಯಲಿನ ಹುಲ್ಲು ಹೂವಾಡುವ ಕಾಲದಲ್ಲಿ, ನೆಲದಿಂದ ಒಂದೆರಡು ಗೇಣು ಮೇಲೆ ಸುಳಿದಾಡುವ ಪುಟ್ಟ ಚಿಟ್ಟೆಗಳನ್ನು ಕಾಣದವರು ವಿರಳ. ಅವು ಹೆಬ್ಬೆಟ್ಟಿನ ಉಗುರಿಗಿಂತ ಬಹಳ ದೊಡ್ಡವಲ್ಲ. ಹಾರುವಾಗ ರೆಕ್ಕೆಯ ಮೇಲುಭಾಗದ ತಿಳಿನೀಲಿ ಮಿಂಚುತ್ತದೆ. ಹುಲ್ಲಿನ ಎಸಳಿನ ಮೇಲೆ ಕುಳಿತು ರೆಕ್ಕೆ ಮಡಿಸಿದೊಡನೆ ಆ ನೀಲಿ ಮಾಯವಾಗಿ, ಕಪ್ಪು ಚುಕ್ಕೆಗಳುಳ್ಳ ಬೂದುಬಣ್ಣ ಮಾತ್ರ ಉಳಿಯುತ್ತದೆ. ಹಾದಿಹೋಕರು ಅವನ್ನು ಕಂಡೂ ಕಾಣದಂತೆ ಮುಂದೆ ಸಾಗುತ್ತಾರೆ. ಬಣ್ಣಬಣ್ಣದ ದೊಡ್ಡ ಪಾತರಗಿತ್ತಿಗಳಿಗೆ ದೊರೆಯುವ ಮನ್ನಣೆ ಇವಕ್ಕಿಲ್ಲ. ಆದರೆ ಇದೇ ಬಳಗಕ್ಕೆ ಸೇರಿದ ನೀಲಿ ಚಿಟ್ಟೆಗಳಿಗಾಗಿ ತನ್ನ ಬಾಳಿನ ಶ್ರೇಷ್ಠ ವರ್ಷಗಳನ್ನು, ಕಣ್ಣಿನ ಬೆಳಕನ್ನು ಸಹ ಒಪ್ಪಿಸಿದ ಒಬ್ಬ ಮಹಾಸಾಹಿತಿ ಇದ್ದನು. ರಷ್ಯದಲ್ಲಿ ಹುಟ್ಟಿ, ಯುರೋಪಿನಲ್ಲಿ ಅಲೆದು, ಕೊನೆಗೆ ಅಮೆರಿಕದ ಪ್ರಜೆಯಾದ ಅವನ ಹೆಸರು ವ್ಲಾದಿಮಿರ್ ನಬೊಕೊವ್. ಲೋಕ ಅವನನ್ನು ಕಾದಂಬರಿಕಾರನೆಂದು ಬಲ್ಲದು. ಅವನೊಬ್ಬ ಕೀಟವಿಜ್ಞಾನಿಯೂ ಹೌದು ಎಂಬುದನ್ನು ಒಪ್ಪಿಕೊಳ್ಳಲು ಲೋಕಕ್ಕೆ ಬಹಳ ಕಾಲ ಹಿಡಿಯಿತು.

ನಬೊಕೊವ್ ೧೮೯೯ರ ಏಪ್ರಿಲ್ ತಿಂಗಳಲ್ಲಿ ರಷ್ಯದ ಅಂದಿನ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದನು. ಮನೆತನ ಸಿರಿವಂತವಾದದ್ದು, ವಿದ್ಯಾವಂತವಾದದ್ದು. ತಂದೆ ಹೆಸರಾಂತ ನ್ಯಾಯಶಾಸ್ತ್ರಜ್ಞ. ಚಕ್ರವರ್ತಿಯ ನಿರಂಕುಶ ಆಡಳಿತವನ್ನು ವಿರೋಧಿಸಿ ಪ್ರಜೆಗಳ ಹಕ್ಕಿಗಾಗಿ ಹೋರಾಡಿದವನು. ಮನೆಯಲ್ಲಿ ರಷ್ಯನ್, ಫ್ರೆಂಚ್, ಇಂಗ್ಲಿಷ್ ಈ ಮೂರು ಭಾಷೆಗಳೂ ಬಳಕೆಯಲ್ಲಿದ್ದುದರಿಂದ ಬಾಲಕನಿಗೆ ಮೂರೂ ತಾಯ್ನುಡಿಗಳಂತೆಯೇ ಒಲಿದವು. ಬೇಸಗೆ ಬಂದಿತೆಂದರೆ ಸಂಸಾರವೆಲ್ಲ ನಗರದ ದಕ್ಷಿಣಕ್ಕಿದ್ದ ವೀರಾ ಎಂಬ ಹಳ್ಳಿಯ ತೋಟದ ಮನೆಗೆ ತೆರಳುತ್ತಿತ್ತು. ಬರ್ಚ್ ಮರಗಳ ತೋಪು, ಜೌಗುನೆಲ, ಹೊಳೆಯ ದಂಡೆ, ಹೂಗಿಡಗಳ ಹಾದಿ ಇವುಗಳ ನಡುವೆ ಅವನ ಬಾಲ್ಯ ಅರಳಿತು.

ಅವನಿಗೆ ಏಳು ವರ್ಷವಾಗಿದ್ದಾಗ ತೋಟದ ಹೂಗೊಂಚಲೊಂದರ ಮೇಲೆ ಹಳದಿ ರೆಕ್ಕೆಗಳ, ಕಪ್ಪು ಗೆರೆಗಳ ಒಂದು ದೊಡ್ಡ ಚಿಟ್ಟೆ ಬಂದು ಕುಳಿತಿತು. ಆಳೊಬ್ಬನು ಅದನ್ನು ಬಾಲಕನ ಟೋಪಿಯಲ್ಲಿ ಹಿಡಿದು ಕೊಟ್ಟನು. ಚಿಟ್ಟೆಯನ್ನು ಟೋಪಿಯ ಸಮೇತ ಬಟ್ಟೆಯ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ನುಸಿಗುಳಿಗೆಯ ವಾಸನೆಗೆ ಅದು ರಾತ್ರಿಯೊಳಗೆ ಸಾಯಬಹುದೆಂದು ಮನೆಯವರ ಎಣಿಕೆ. ಮರುದಿನ ಬೆಳಗ್ಗೆ ಬಾಗಿಲು ತೆರೆದೊಡನೆ ಚಿಟ್ಟೆ ಪಟಪಟನೆ ರೆಕ್ಕೆ ಬಡಿದು ಕಿಟಕಿಯಿಂದಾಚೆ ಹಾರಿಹೋಯಿತು. ಅಂದು ಕೈತಪ್ಪಿದ ಚಿಟ್ಟೆಯ ಬೆನ್ನು ಹತ್ತಿದ ಬಾಲಕನು ಎಪ್ಪತ್ತು ವರ್ಷಗಳ ಕಾಲ ಓಡುತ್ತಲೇ ಇದ್ದನೆಂದರೆ ತಪ್ಪಾಗದು.

ಹಿಡಿದ ಚಿಟ್ಟೆಗಳ ರೆಕ್ಕೆಗಳನ್ನು ಬಿಡಿಸಿ ಸೂಜಿಯಿಂದ ಚುಚ್ಚಿಡುವ ಕುಶಲ ಕೆಲಸವನ್ನು ಅವನಿಗೆ ಕಲಿಸಿದವಳು ತಾಯಿ. ತಂದೆಗೂ ಆ ಹವ್ಯಾಸದಲ್ಲಿ ಪ್ರೀತಿಯಿತ್ತು. ೧೯೦೮ರಲ್ಲಿ ರಾಜಕೀಯ ಕಾರಣಕ್ಕಾಗಿ ತಂದೆ ಮೂರು ತಿಂಗಳು ಸೆರೆಮನೆ ಸೇರಬೇಕಾಯಿತು. ಅಲ್ಲಿಂದ ಪತ್ನಿಗೆ ಕಳುಹಿಸಿದ ಗುಪ್ತ ಪತ್ರಗಳಲ್ಲಿಯೂ, ಸೆರೆಮನೆಯ ಅಂಗಳದಲ್ಲಿ ತಾನು ಯಾವ ಚಿಟ್ಟೆಗಳನ್ನು ಕಂಡೆನೆಂಬುದನ್ನು ಮಗನಿಗೆ ತಿಳಿಸಬೇಕೆಂದು ಬರೆಯಲು ಅವನು ಮರೆಯಲಿಲ್ಲ. ಮನೆಯ ಅಟ್ಟದಲ್ಲಿ ಹಳೆಯ ಪುಸ್ತಕಗಳ ರಾಶಿಯಿತ್ತು. ಮುನ್ನೂರು ವರ್ಷಗಳಿಗೂ ಹಿಂದೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ ಅಲ್ಲಿಯ ಕೀಟಗಳನ್ನು ಕಣ್ಣಾರೆ ಕಂಡು ಚಿತ್ರಿಸಿದ ಮರಿಯಾ ಸಿಬಿಲ್ಲಾ ಮೇರಿಯನ್ ಎಂಬಾಕೆಯ ಗ್ರಂಥವೂ ಅದರಲ್ಲಿತ್ತು. ಬಾಲಕನಿಗೆ ಅದು ನಿಧಿ ಸಿಕ್ಕಂತಾಯಿತು.

ಹೊಸ ಪ್ರಭೇದವೊಂದನ್ನು ಕಂಡುಹಿಡಿದು ಅದಕ್ಕೆ ಹೆಸರಿಡಬೇಕೆಂಬುದು ಅವನ ಕನಸು. ಬಾಲಕನಾಗಿದ್ದಾಗಲೇ ತನಗೆ ದೊರೆತ ಒಂದು ಪತಂಗ ಹೊಸದೆಂದು ನಂಬಿ, ಅದರ ವಿವರವನ್ನು ಬರೆದು ಇಂಗ್ಲೆಂಡಿನ ಕೀಟಶಾಸ್ತ್ರ ಪತ್ರಿಕೆಗೆ ಕಳುಹಿಸಿದನು. ಅದನ್ನು ಮತ್ತೊಬ್ಬನು ಮೊದಲೇ ಕಂಡುಹಿಡಿದು ಹೆಸರಿಟ್ಟಿದ್ದಾನೆಂಬ ಉತ್ತರ ಬಂದಿತು. ಎಳೆಯ ಮನಸ್ಸಿಗೆ ಅದು ದೊಡ್ಡ ಪೆಟ್ಟು. ಆದರೆ ವಿಜ್ಞಾನದಲ್ಲಿ ಆಸೆಗಿಂತ ಆಧಾರ ದೊಡ್ಡದು ಎಂಬ ಪಾಠವನ್ನು ಆ ಉತ್ತರವೇ ಅವನಿಗೆ ಕಲಿಸಿತು.

೧೯೧೬ರಲ್ಲಿ ಸೋದರಮಾವನೊಬ್ಬನು ತೀರಿಕೊಂಡಾಗ ಹದಿನೇಳರ ತರುಣನಿಗೆ ಅಪಾರ ಆಸ್ತಿಯೂ ಒಂದು ಭವ್ಯ ಭವನವೂ ಬಂದವು. ಆ ಭಾಗ್ಯ ಒಂದು ವರ್ಷವಷ್ಟೇ ನಿಂತಿತು. ೧೯೧೭ರ ಕ್ರಾಂತಿಯ ಬಿರುಗಾಳಿ ಬೀಸಿದಾಗ ಸಂಸಾರವು ಮನೆಮಠಗಳನ್ನು ಬಿಟ್ಟು ಕಪ್ಪುಸಮುದ್ರದ ತೀರದ ಕ್ರಿಮಿಯಕ್ಕೆ ಓಡಿತು. ಬಾಲ್ಯದಿಂದ ಕೂಡಿಸಿದ ಚಿಟ್ಟೆಗಳ ಸಂಗ್ರಹ ಹಿಂದೆಯೇ ಉಳಿಯಿತು. ಕ್ರಿಮಿಯದ ಗುಡ್ಡಗಳಲ್ಲಿಯೂ ನಬೊಕೊವ್ ಬಲೆ ಹಿಡಿದು ಅಲೆದನು. ೧೯೧೯ರ ಏಪ್ರಿಲಿನಲ್ಲಿ, ದಡದಿಂದ ಗುಂಡುಗಳು ಹಾರಿ ಬರುತ್ತಿರುವಾಗ, ಒಂದು ಸಣ್ಣ ಹಡಗನ್ನೇರಿ ಸಂಸಾರವು ರಷ್ಯವನ್ನು ಬಿಟ್ಟಿತು. ಆ ಹಡಗಿನ ಅಟ್ಟದ ಮೇಲೆ ತಂದೆಮಕ್ಕಳು ಚದುರಂಗದಲ್ಲಿ ಮನಸ್ಸು ನಿಲ್ಲಿಸಲು ಪ್ರಯತ್ನಿಸುತ್ತ ಕುಳಿತಿದ್ದರು. ನಬೊಕೊವ್ ಮತ್ತೆಂದೂ ತಾಯ್ನಾಡನ್ನು ಕಾಣಲಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅವನು ಭಾಷಾಸಾಹಿತ್ಯಗಳನ್ನು ಓದಿ ೧೯೨೨ರಲ್ಲಿ ಪದವೀಧರನಾದನು. ವಿದ್ಯಾರ್ಥಿಯಾಗಿದ್ದಾಗಲೇ, ೧೯೨೦ರಲ್ಲಿ, ಕ್ರಿಮಿಯದ ಚಿಟ್ಟೆಗಳನ್ನು ಕುರಿತ ಅವನ ಮೊದಲ ವೈಜ್ಞಾನಿಕ ಲೇಖನ ಪ್ರಕಟವಾಯಿತು. ೧೯೨೨ರ ಮಾರ್ಚ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಘೋರವೊಂದು ನಡೆಯಿತು. ಸಭೆಯಲ್ಲಿ ತನ್ನ ಸಹೋದ್ಯೋಗಿಯ ಮೇಲೆ ಗುಂಡು ಹಾರಿಸಲು ಬಂದವರನ್ನು ತಡೆಯಹೋಗಿ ತಂದೆ ತಾನೇ ಗುಂಡಿಗೆ ಬಲಿಯಾದನು. ತಾಯ್ನಾಡು ಹೋಯಿತು, ಸಿರಿ ಹೋಯಿತು, ತಂದೆಯೂ ಹೋದನು. ಉಳಿದದ್ದು ಎರಡೇ: ಬರೆಯುವ ಕೈ, ನೋಡುವ ಕಣ್ಣು.

ಬರ್ಲಿನ್ನಿನಲ್ಲಿ ನೆಲೆಸಿದ ನಬೊಕೊವ್ ಸಿರಿನ್ ಎಂಬ ಕಾವ್ಯನಾಮದಿಂದ ರಷ್ಯನ್ ಭಾಷೆಯಲ್ಲಿ ಕಥೆ, ಕಾದಂಬರಿಗಳನ್ನು ಬರೆದನು. ಹೊಟ್ಟೆಪಾಡಿಗೆ ಭಾಷೆಗಳ ಪಾಠ ಹೇಳಿದನು. ಟೆನಿಸ್ ಆಟ ಕಲಿಸಿದನು. ೧೯೨೫ರಲ್ಲಿ ವೇರಾ ಎಂಬ ಸುಸಂಸ್ಕೃತ ಯುವತಿಯನ್ನು ವರಿಸಿದನು. ಬಡತನವೇ ಮನೆ ಮಾಡಿಕೊಂಡಿದ್ದ ಕಾಲವದು. ಆದರೂ ಒಂದು ಕಾದಂಬರಿಯ ಜರ್ಮನ್ ಅನುವಾದದಿಂದ ಸ್ವಲ್ಪ ಹಣ ಕೈಗೆ ಬಂದಾಗ, ೧೯೨೯ರಲ್ಲಿ, ದಂಪತಿಗಳು ಪಿರನೀಸ್ ಪರ್ವತಗಳಿಗೆ ಹೋಗಿ ಕೆಲವು ತಿಂಗಳು ಚಿಟ್ಟೆಗಳನ್ನು ಅರಸಿದರು. ವೇರಾ ಯೆಹೂದ್ಯಳು. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದ ಮೇಲೆ ಅಲ್ಲಿ ಬಾಳುವುದು ಅಪಾಯವಾಯಿತು. ೧೯೩೭ರಲ್ಲಿ ಅವರು ಎಳೆಯ ಮಗನೊಡನೆ ಫ್ರಾನ್ಸಿಗೆ ಹೋದರು. ೧೯೪೦ರ ಮೇ ತಿಂಗಳಲ್ಲಿ, ಜರ್ಮನ್ ಸೈನ್ಯ ಪ್ಯಾರಿಸ್ ನಗರವನ್ನು ಹೊಗಲು ಕೆಲವೇ ವಾರಗಳಿರುವಾಗ, ಅಮೆರಿಕಕ್ಕೆ ಹೊರಟ ಹಡಗನ್ನು ಹತ್ತಿದರು.

ಫ್ರಾನ್ಸಿನಲ್ಲಿದ್ದಾಗ, ೧೯೩೮ರಲ್ಲಿ, ಆಲ್ಪ್ಸ್ ಪರ್ವತದ ಇಳಿಜಾರೊಂದರಲ್ಲಿ ನಬೊಕೊವ್ ಅಪೂರ್ವವಾದ ನೀಲಿ ಚಿಟ್ಟೆಗಳನ್ನು ಹಿಡಿದಿದ್ದನು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅವನ್ನು ಬೇರೆ ಮಾದರಿಗಳೊಡನೆ ಹೋಲಿಸಿ ನೋಡಿ ೧೯೪೧ರಲ್ಲಿ ಅವಕ್ಕೆ ಹೆಸರಿಟ್ಟನು. ಬಾಲ್ಯದ ಕನಸು ನನಸಾಯಿತು. ಅದು ಬೇರೆಯೇ ಆದ ಪ್ರಭೇದವಲ್ಲ, ಎರಡು ಪ್ರಭೇದಗಳ ಬೆರಕೆ ಎಂಬುದು ಬಹುಕಾಲದ ನಂತರ ಚಿಟ್ಟೆಗಳನ್ನು ಸಾಕಿ ಬೆಳೆಸಿ ನೋಡಿದ ಸಂಶೋಧಕರಿಂದ ತಿಳಿಯಿತು. ಆದರೆ ಈ ಶೋಧನೆಯೇ ಅವನನ್ನು ನೀಲಿ ಚಿಟ್ಟೆಗಳ ಅಭ್ಯಾಸಕ್ಕೆ ಗಟ್ಟಿಯಾಗಿ ಕಟ್ಟಿಹಾಕಿತು.

ನೀಲಿ ಚಿಟ್ಟೆಗಳ ಬಳಗ ಬಹು ದೊಡ್ಡದು. ಯುರೋಪಿನ ಹುಲ್ಲುಗಾವಲು, ಮಧ್ಯ ಏಷ್ಯದ ಬೆಟ್ಟಗಳು, ಉತ್ತರದ ಹಿಮಪ್ರದೇಶದ ಅಂಚು, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು, ಕರ್ನಾಟಕದ ಬಯಲುಗಳು, ಎಲ್ಲೆಲ್ಲಿಯೂ ಇವುಗಳ ನೆಂಟರಿದ್ದಾರೆ. ಸಾಮಾನ್ಯವಾಗಿ ಗಂಡಿನ ರೆಕ್ಕೆಯ ಮೇಲುಭಾಗ ನೀಲಿ. ಹೆಣ್ಣಿನದು ಕಂದು, ಅಥವಾ ಕಂದಿನಲ್ಲಿ ಬೆರೆತ ನೀಲಿ. ಈ ನೀಲಿ ಬಣ್ಣದಲ್ಲಿ ಒಂದು ಸೋಜಿಗವಿದೆ. ಅರಿಸಿನದ ಹಳದಿಯಂತೆ, ಕುಂಕುಮದ ಕೆಂಪಿನಂತೆ ಅದು ಯಾವುದೋ ವರ್ಣದ್ರವ್ಯದಿಂದ ಬಂದುದಲ್ಲ. ಚಿಟ್ಟೆಯನ್ನು ಹಿಡಿದರೆ ಬೆರಳಿಗೆ ಅಂಟುವ ಪುಡಿಯುಂಟಷ್ಟೆ. ಆ ಪುಡಿಯ ಕಣವೊಂದೊಂದೂ ಒಂದು ಹುರುಪೆ. ಹೆಂಚಿನ ಮನೆಯ ಮಾಡಿನಂತೆ ಹುರುಪೆಗಳು ಸಾಲುಸಾಲಾಗಿ ರೆಕ್ಕೆಯನ್ನು ಹೊದಿಸಿರುತ್ತವೆ. ಅವುಗಳ ಒಳರಚನೆಯ ನವುರಾದ ಪದರಗಳಿಗೆ ಬಡಿದ ಬೆಳಕಿನಲ್ಲಿ ನೀಲಿ ಕಿರಣಗಳು ಮಾತ್ರ ಬಲವಾಗಿ ಹಿಮ್ಮರಳುತ್ತವೆ. ಬೆಳಕಿನ ಆಟವೇ ಬಣ್ಣವಾಗಿ ಕಾಣುತ್ತದೆ.

ಇವುಗಳ ಮರಿಹುಳುಗಳಲ್ಲಿ ಅನೇಕವು ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ ಗಿಡಗಳ ಎಲೆ, ಹೂಗಳನ್ನು ತಿಂದು ಬೆಳೆಯುತ್ತವೆ. ಮರಿಹುಳುವಿನ ಮೈಯಿಂದ ಒಸರುವ ಸಿಹಿರಸಕ್ಕಾಗಿ ಇರುವೆಗಳು ಅದರ ಸುತ್ತ ನೆರೆಯುತ್ತವೆ. ಪ್ರತಿಯಾಗಿ ಶತ್ರುಕೀಟಗಳಿಂದ ಅದನ್ನು ಕಾಯುತ್ತವೆ. ದನಗಾಹಿ ಹಸುವನ್ನು ಕಾದು ಹಾಲು ಕರೆದುಕೊಳ್ಳುವಂತೆಯೇ ಈ ಏರ್ಪಾಡು. ಹೀಗೆ ಒಂದು ಗಿಡ, ಒಂದು ಹುಳು, ಒಂದಿಷ್ಟು ಇರುವೆ ಕೂಡಿ ಬಾಳುವ ಜಾಗದಲ್ಲಿ ಮಾತ್ರ ಎಷ್ಟೋ ನೀಲಿ ಚಿಟ್ಟೆಗಳು ಬದುಕಬಲ್ಲವು. ಅವುಗಳಲ್ಲಿ ಒಂದು ಇಲ್ಲವಾದರೂ ಚಿಟ್ಟೆಗೆ ಉಳಿಗಾಲವಿಲ್ಲ.

ಅಮೆರಿಕದಲ್ಲಿ ನಬೊಕೊವ್ ಮಹಿಳಾ ಕಾಲೇಜೊಂದರಲ್ಲಿ ಅಧ್ಯಾಪಕನಾದನು. ೧೯೪೧ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲ್ಲಿ ಚಿಟ್ಟೆಗಳ ಪೆಟ್ಟಿಗೆಗಳು ಸರಿಯಾದ ವ್ಯವಸ್ಥೆಯಿಲ್ಲದೆ ಇದ್ದುದನ್ನು ಕಂಡನು. ಸಂಬಳವಿಲ್ಲದೆಯೇ ಅವನ್ನು ಜೋಡಿಸಿ ಕೊಡಲು ಮುಂದಾದನು. ಮರುವರ್ಷ ಸಂಗ್ರಹಾಲಯವು ಅವನನ್ನು ಅಲ್ಪ ವೇತನದ ಸಂಶೋಧಕನನ್ನಾಗಿ ನೇಮಿಸಿತು. ವಿಜ್ಞಾನದಲ್ಲಿ ಅವನಿಗೆ ಯಾವ ಪದವಿಯೂ ಇರಲಿಲ್ಲ. ಇದ್ದದ್ದು ಬಾಲ್ಯದಿಂದ ಪಳಗಿದ ಕಣ್ಣು, ದಣಿಯದ ಶ್ರದ್ಧೆ.

ಅಲ್ಲಿ ೧೯೪೮ರವರೆಗೆ ಅವನು ಮಾಡಿದ ಕೆಲಸ ಒಂದು ತಪಸ್ಸು. ಕೆಲವು ದಿನ ಹದಿನಾಲ್ಕು ಗಂಟೆಗಳವರೆಗೂ ಸೂಕ್ಷ್ಮದರ್ಶಕದ ಮೇಲೆ ಬಾಗಿ ಕುಳಿತಿರುತ್ತಿದ್ದನು. ಮೇಲುನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ನೀಲಿ ಚಿಟ್ಟೆಗಳು ನಿಜವಾಗಿ ದೂರದ ಸಂಬಂಧಿಗಳಾಗಿರಬಹುದು. ಬೇರೆಬೇರೆಯಾಗಿ ಕಾಣುವವು ಒಡಹುಟ್ಟುಗಳಾಗಿರಬಹುದು. ಇದನ್ನು ನಿರ್ಧರಿಸಲು ಬಣ್ಣವೊಂದೇ ಸಾಲದು. ಅವನು ಚಿಟ್ಟೆಗಳ ಉದರದ ತುದಿಯಲ್ಲಿರುವ, ಕೊಕ್ಕೆಗಳಂಥ ಅತಿಸೂಕ್ಷ್ಮ ಸಂತಾನಾಂಗಗಳನ್ನು ಬಿಡಿಸಿ, ಅಳೆದು, ಚಿತ್ರ ಬರೆದು ಹೋಲಿಸಿದನು. ರೆಕ್ಕೆಯ ಬುಡದಿಂದ ಪ್ರತಿಯೊಂದು ಚುಕ್ಕೆಯವರೆಗೆ ಎಷ್ಟು ಸಾಲು ಹುರುಪೆಗಳಿವೆ ಎಂದು ಎಣಿಸಿ ಚುಕ್ಕೆಗಳ ಸ್ಥಾನವನ್ನು ಗುರುತಿಸುವ ಹೊಸ ವಿಧಾನವನ್ನೂ ರೂಪಿಸಿದನು. ಚುಕ್ಕೆಯೇ ಸಾಸಿವೆಗಿಂತ ಸಣ್ಣದು; ಹುರುಪೆಯೆಂದರೆ ಧೂಳಿನ ಕಣ. ಈ ದುಡಿಮೆಯಿಂದ ಅವನ ದೃಷ್ಟಿ ಕುಂದಿತು. ಆದರೂ ಆ ವರ್ಷಗಳನ್ನು ಅವನು ತನ್ನ ಬಾಳಿನ ಅತ್ಯಂತ ಸಂತೋಷದ ಕಾಲಗಳಲ್ಲೊಂದೆಂದು ನೆನೆಯುತ್ತಿದ್ದನು.

ಈ ಅವಧಿಯ ಒಂದು ಫಲ ಕಾರ್ನರ್ ನೀಲಿ ಎಂಬ ಚಿಟ್ಟೆಯ ಗುರುತು. ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಬಳಿ ಕಾರ್ನರ್ ಎಂಬ ಪುಟ್ಟ ನೆಲೆಯಿದೆ. ಅಲ್ಲಿಯ ಮರಳುನೆಲದ ಪೈನ್ ಕಾಡುಗಳಲ್ಲಿ ಒಂದು ನೀಲಿ ಚಿಟ್ಟೆ ಇರುವುದು ಹಿಂದಿನಿಂದಲೂ ತಿಳಿದಿತ್ತು. ಅದು ತನ್ನ ಸಮೀಪದ ಬಂಧುಗಳಿಗಿಂತ ಯಾವ ರೀತಿಯಲ್ಲಿ ಬೇರೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿ ಹೆಸರಿಟ್ಟವನು ನಬೊಕೊವ್. ತನಗಿಂತ ಹಿಂದೆ ಈ ಚಿಟ್ಟೆಯನ್ನು ಅಭ್ಯಸಿಸಿದ್ದ ಸ್ಯಾಮ್ಯುಯೆಲ್ ಸ್ಕಡರ್ ಎಂಬ ವಿಜ್ಞಾನಿಯ ನೆನಪಿಗಾಗಿ ಅದನ್ನು ಸ್ಯಾಮ್ಯುಯೆಲಿಸ್ ಎಂದು ಕರೆದನು. ಗಂಡಿನ ರೆಕ್ಕೆ ನೇರಳೆ ಬೆರೆತ ನೀಲಿ. ಅದಕ್ಕೊಂದು ಕಪ್ಪು ಅಂಚು, ಅದರಾಚೆ ಬಿಳಿಯ ಜಾಲರಿ. ಹೆಣ್ಣಿನ ರೆಕ್ಕೆ ಅಂಚಿನ ಕಡೆಗೆ ಕಂದಾಗುತ್ತದೆ; ಅಲ್ಲಿ ಕಿತ್ತಳೆ ಬಣ್ಣದ ಪುಟ್ಟ ಬಾಲಚಂದ್ರಗಳ ಸಾಲು. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ವರ್ಷಕ್ಕೆ ಎರಡು ತಲೆಮಾರು. ಇದರ ಮರಿಹುಳು ಕಾಡು ಲೂಪಿನ್ ಎಂಬ ನೀಲಿಹೂವಿನ ಗಿಡವೊಂದನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ೧೯೫೦ರ ಜೂನಿನಲ್ಲಿ ನಬೊಕೊವ್ ಕಾರ್ನರಿಗೆ ಹೋಗಿ, ಲೂಪಿನ್ ಹೂಗಳ ನಡುವೆ ತಾನು ಹೆಸರಿಟ್ಟ ಚಿಟ್ಟೆಗಳು ಹಾರುವುದನ್ನು ಕಣ್ಣಾರೆ ಕಂಡನು. ೧೯೫೭ರಲ್ಲಿ ಪ್ರಕಟವಾದ ಪ್ನಿನ್ ಎಂಬ ಕಾದಂಬರಿಯಲ್ಲಿ ಆ ಚಿಟ್ಟೆಗಳಿಗೆ ಒಂದು ಸಣ್ಣ ಎಡೆಯನ್ನೂ ಕೊಟ್ಟನು.

ಅವನ ಇನ್ನೊಂದು ಸಾಧನೆ ಇದಕ್ಕಿಂತ ಬಹಳ ದೊಡ್ಡದು. ದಕ್ಷಿಣ ಅಮೆರಿಕದ ನೀಲಿ ಚಿಟ್ಟೆಗಳ ವಿಚಾರದಲ್ಲಿ ಅಂದು ತಿಳಿದಿದ್ದುದು ಅತ್ಯಲ್ಪ. ನಬೊಕೊವ್ ಆ ಖಂಡಕ್ಕೆ ಒಮ್ಮೆಯೂ ಹೋದವನಲ್ಲ. ಸಂಗ್ರಹಾಲಯದ ಪೆಟ್ಟಿಗೆಗಳಲ್ಲಿದ್ದ ಕೆಲವೇ ಮಾದರಿಗಳನ್ನು ಪರೀಕ್ಷಿಸಿ, ೧೯೪೫ರಲ್ಲಿ ಅವುಗಳ ವಂಶಾವಳಿಯನ್ನೇ ಹೊಸದಾಗಿ ಬರೆದನು. ಈ ಚಿಟ್ಟೆಗಳ ಪೂರ್ವಜರು ಅಮೆರಿಕದಲ್ಲಿ ಹುಟ್ಟಿದವರಲ್ಲ, ಏಷ್ಯದಿಂದ ಬಂದವರು ಎಂದು ತರ್ಕಿಸಿದನು. ಏಷ್ಯ ಮತ್ತು ಉತ್ತರ ಅಮೆರಿಕಗಳು ಇಂದು ಬೇರಿಂಗ್ ಜಲಸಂಧಿಯಿಂದ ಬೇರ್ಪಟ್ಟಿವೆ. ಹಿಂದಿನ ಯುಗಗಳಲ್ಲಿ ಕಡಲಿನ ಮಟ್ಟ ಇಳಿದಾಗ ಅಲ್ಲಿ ನೆಲದ ಸೇತುವೆ ಏರ್ಪಡುತ್ತಿತ್ತು. ಆ ಮಾರ್ಗದಿಂದ ಬೇರೆಬೇರೆ ಕಾಲಗಳಲ್ಲಿ, ಒಟ್ಟು ಐದು ಅಲೆಗಳಾಗಿ, ನೀಲಿ ಚಿಟ್ಟೆಗಳು ಹೊಸ ಖಂಡವನ್ನು ಹೊಕ್ಕವು. ಮೊದಲ ಅಲೆಯ ಸಂತತಿ ತೆಂಕಣಕ್ಕೆ ಸಾಗಿ ಆಂಡಿಸ್ ಪರ್ವತಗಳನ್ನು ಹಿಡಿದು ಚಿಲಿಯವರೆಗೆ ಹಬ್ಬಿತು. ಅನಂತರದವು ಉತ್ತರ ಅಮೆರಿಕದಲ್ಲೇ ನೆಲೆನಿಂತವು. ಲಕ್ಷಾಂತರ ವರ್ಷಗಳ ಹಿಂದಕ್ಕೆ ಪಯಣಿಸಬಲ್ಲ ಯಂತ್ರವೊಂದನ್ನು ಏರಿದವನು ಈ ವಲಸೆಯನ್ನು ಹೇಗೆ ಕಂಡಾನೆಂಬುದನ್ನು ಸಹ ಅವನು ಕಥೆಗಾರನ ಕಲ್ಪನೆಯಿಂದ ಬಣ್ಣಿಸಿದನು.

ಆ ಲೇಖನವನ್ನು ಹೆಚ್ಚು ಜನ ಓದಲಿಲ್ಲ. ಓದಿದವರಲ್ಲಿಯೂ ಹಲವರು, ಕಾದಂಬರಿ ಬರೆಯುವವನ ಕಲ್ಪನೆಯಿದು ಎಂದು ಬದಿಗೆ ಸರಿಸಿದರು. ಚುಕ್ಕೆ, ಕೊಕ್ಕೆಗಳನ್ನು ನೋಡಿ ಖಂಡಗಳ ಇತಿಹಾಸವನ್ನು ಹೇಳುವುದು ಸಾಧ್ಯವೇ ಎಂಬುದು ಅವರ ಶಂಕೆ. ನಬೊಕೊವ್ ವಾದಕ್ಕೆ ಇಳಿಯಲಿಲ್ಲ. ತಾನು ಕಂಡದ್ದನ್ನು ಬರೆದಿಟ್ಟು ಮುಂದಿನ ಕೆಲಸಕ್ಕೆ ತೊಡಗಿದನು.

೧೯೪೮ರಲ್ಲಿ ಅವನು ಕಾರ್ನೆಲ್ ವಿಶ್ವವಿದ್ಯಾನಿಲಯದ ಅಧ್ಯಾಪಕನಾದನು. ಸಂಗ್ರಹಾಲಯದ ಕೆಲಸ ನಿಂತಿತಾದರೂ ಬಲೆ ಕೆಳಗಿಳಿಯಲಿಲ್ಲ. ರಜೆ ಬಂದರೆ ದಂಪತಿಗಳು ಕಾರಿನಲ್ಲಿ ಪಶ್ಚಿಮದ ಬೆಟ್ಟಗಳಿಗೆ ಹೊರಡುತ್ತಿದ್ದರು. ನಬೊಕೊವ್ ಕಾರು ನಡೆಸಲು ಕಲಿಯಲೇ ಇಲ್ಲ. ಸಾವಿರಾರು ಮೈಲಿ ಕಾರು ನಡೆಸಿದವಳು ವೇರಾ. ಹಾರ್ವರ್ಡಿನಲ್ಲಿದ್ದಾಗ ಅವನು ಕೊಲರಾಡೊ ರಾಜ್ಯದ ಒಂದು ನೀಲಿ ಚಿಟ್ಟೆಗೆ ಗಂಡಿನ ಮಾದರಿಗಳನ್ನು ಮಾತ್ರ ನೋಡಿ ಹೆಸರಿಟ್ಟಿದ್ದನು. ಅದರ ಹೆಣ್ಣನ್ನು ಯಾರೂ ಕಂಡಿರಲಿಲ್ಲ. ೧೯೫೧ರ ಬೇಸಗೆಯಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಟೆಲುರೈಡ್ ಎಂಬ ಊರಿನಲ್ಲಿ ಬೀಡುಬಿಟ್ಟು, ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗಳಿಗೂ ಎತ್ತರದ ಕಡಿದಾದ ಇಳಿಜಾರನ್ನು ದಿನವೂ ಹತ್ತಿದನು. ಲೂಪಿನ್ ಗಿಡಗಳು ಬೆಳೆದಿದ್ದ ಆ ಇಳಿಜಾರಿನಲ್ಲಿ ಕಡೆಗೂ ಹೆಣ್ಣು ಚಿಟ್ಟೆ ದೊರೆಯಿತು. ಹುಲ್ಲುಗಾವಲಿನಲ್ಲಿ ದೊರೆತ ಆ ಹೆಣ್ಣು, ಪೆಟ್ಟಿಗೆಯ ಮಾದರಿಗಳನ್ನು ನೋಡಿ ಅವನು ಮಾಡಿದ್ದ ವರ್ಣನೆಯನ್ನು ಪೂರ್ಣಗೊಳಿಸಿತು.

ಈ ಪ್ರವಾಸಗಳಲ್ಲೇ, ಮಳೆಯ ದಿನಗಳಲ್ಲಿ, ಅವನು ಬರೆದ ಕಾದಂಬರಿಯೊಂದು ೧೯೫೮ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಕೀರ್ತಿಯನ್ನೂ ಹಣವನ್ನೂ ತಂದಿತು. ಅಧ್ಯಾಪನವನ್ನು ಬಿಟ್ಟು, ೧೯೬೧ರಿಂದ ಸ್ವಿಟ್ಜರ್ಲೆಂಡಿನ ಮಾಂತ್ರೋ ಎಂಬಲ್ಲಿ ಸರೋವರದ ದಡದ ಹೋಟೆಲೊಂದರಲ್ಲಿ ನೆಲೆಸಿದನು. ತಾಯ್ನಾಡಿನ ಮನೆಯನ್ನು ಕಳೆದುಕೊಂಡವನು ಮತ್ತೆ ಸ್ವಂತ ಮನೆಯೊಂದನ್ನು ಕೊಳ್ಳಲೇ ಇಲ್ಲ. ಆಲ್ಪ್ಸ್ ಪರ್ವತದ ಇಳಿಜಾರುಗಳೇ ಅವನ ಅಂಗಳವಾದವು. ೧೯೭೫ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ದಾವೋಸ್ ಬಳಿ ಚಿಟ್ಟೆಯ ಬೆನ್ನಟ್ಟುವಾಗ ಕಾಲು ಜಾರಿ ಬಿದ್ದನು. ಆಮೇಲೆ ಅವನ ಆರೋಗ್ಯ ಪೂರ್ತಿಯಾಗಿ ಸುಧಾರಿಸಲಿಲ್ಲ. ಕೊನೆಯ ಭೇಟಿಯಲ್ಲಿ ತಂದೆಯ ಕಣ್ಣಲ್ಲಿ ನೀರು ಕಂಡ ಮಗನು ಕಾರಣ ಕೇಳಿದನಂತೆ. ಬೆಟ್ಟದಲ್ಲಿ ಒಂದು ಜಾತಿಯ ಚಿಟ್ಟೆ ಈಗಾಗಲೇ ಹಾರಲು ತೊಡಗಿರಬೇಕೆಂದು ನಬೊಕೊವ್ ಹೇಳಿದನು. ಅದನ್ನು ಮತ್ತೆ ಕಾಣುವ ಭಾಗ್ಯ ತನಗಿಲ್ಲವೆಂದು ಅವನಿಗೆ ತಿಳಿದಿತ್ತು. ೧೯೭೭ರ ಜುಲೈ ೨ರಂದು ಲೋಸಾನ್ ನಗರದಲ್ಲಿ ಅವನು ಕಣ್ಮುಚ್ಚಿದನು. ಯುರೋಪಿನಲ್ಲಿ ಕೊನೆಯ ವರ್ಷಗಳಲ್ಲಿ ಕೂಡಿಸಿದ ನಾಲ್ಕು ಸಾವಿರಕ್ಕೂ ಹೆಚ್ಚು ಚಿಟ್ಟೆಗಳು ಆ ನಗರದ ವಸ್ತುಸಂಗ್ರಹಾಲಯವನ್ನು ಸೇರಿದವು.

ಮರಣದಿಂದ ಅವನ ವಿಜ್ಞಾನದ ಕಥೆ ಮುಗಿಯಲಿಲ್ಲ. ೧೯೮೦ ಮತ್ತು ೧೯೯೦ರ ದಶಕಗಳಲ್ಲಿ ಅಮೆರಿಕದ ಕರ್ಟ್ ಜಾನ್ಸನ್, ಹಂಗೇರಿಯ ಜೋಲ್ಟ್ ಬಾಲಿಂಟ್, ಇಸ್ರೇಲಿನ ದುಬಿ ಬೆನ್ಯಾಮಿನಿ ಮೊದಲಾದವರು ದಕ್ಷಿಣ ಅಮೆರಿಕದ ನೀಲಿ ಚಿಟ್ಟೆಗಳನ್ನು ಹೊಸದಾಗಿ ಅಭ್ಯಸಿಸಿದರು. ನಬೊಕೊವ್ ಮಾಡಿದ್ದ ವಿಂಗಡಣೆ ಗಟ್ಟಿಯಾಗಿ ನಿಂತಿರುವುದನ್ನು ಕಂಡು ಅವರು ಬೆರಗಾದರು. ತಾವು ಕಂಡ ಹೊಸ ಪ್ರಭೇದಗಳಲ್ಲಿ ಹಲವಕ್ಕೆ ಅವನ ಕಾದಂಬರಿಗಳ ಪಾತ್ರಗಳ ಹೆಸರನ್ನಿಟ್ಟು ಗೌರವಿಸಿದರು.

ಏಷ್ಯದಿಂದ ಬಂದ ಐದು ಅಲೆಗಳ ವಿಚಾರ ಇನ್ನೂ ಉಳಿದಿತ್ತು. ಅದನ್ನು ಪರೀಕ್ಷಿಸಲು ನಬೊಕೊವ್ ಕಾಲದಲ್ಲಿ ಇಲ್ಲದ ಸಾಧನವೊಂದು ಈಗ ವಿಜ್ಞಾನಿಗಳ ಕೈಯಲ್ಲಿತ್ತು. ಜೀವಕೋಶದಲ್ಲಿರುವ ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಪ್ರತಿಯೊಂದು ಜೀವಿಯ ವಂಶದ ಕಥೆ ಅಡಗಿದೆ. ಎರಡು ಜೀವಿಗಳ ಡಿ.ಎನ್.ಎ.ಯನ್ನು ಹೋಲಿಸಿದರೆ ಅವು ಎಷ್ಟು ಕಾಲದ ಹಿಂದೆ ಒಂದೇ ಮೂಲದಿಂದ ಕವಲೊಡೆದವು ಎಂಬುದನ್ನು ಅಂದಾಜು ಮಾಡಬಹುದು. ನಬೊಕೊವ್ ದುಡಿದ ಹಾರ್ವರ್ಡಿನ ಅದೇ ಸಂಗ್ರಹಾಲಯದ ನವೋಮಿ ಪಿಯರ್ಸ್, ಸ್ಪೇನಿನ ರೋಜರ್ ವಿಲಾ ಹಾಗೂ ಅವರ ಸಂಗಡಿಗರು ಆಂಡಿಸ್ ಪರ್ವತಗಳಲ್ಲಿಯೂ ಬೇರೆ ದೇಶಗಳಲ್ಲಿಯೂ ಸಂಗ್ರಹಿಸಿದ ನೀಲಿ ಚಿಟ್ಟೆಗಳನ್ನು ಈ ಬಗೆಯಲ್ಲಿ ಪರೀಕ್ಷಿಸಿದರು. ಅವರ ಫಲಿತಾಂಶ ೨೦೧೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಟ್ಟೆಗಳು ಏಷ್ಯದಿಂದಲೇ ಬಂದಿದ್ದವು; ಐದು ಅಲೆಗಳಲ್ಲೇ ಬಂದಿದ್ದವು. ಮೊದಲ ಅಲೆ ಬಂದದ್ದು ಸುಮಾರು ಒಂದು ಕೋಟಿ ವರ್ಷಗಳ ಹಿಂದೆ, ಕಡೆಯದು ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ. ಮೊದಲು ಬಂದವುಗಳ ಸಂತತಿ ಬೆಚ್ಚನೆಯ ಹವೆಗೆ, ಕಡೆಗೆ ಬಂದವುಗಳ ಸಂತತಿ ಚಳಿಗೆ ಹೊಂದಿಕೊಂಡಿರುವುದೂ ಕಂಡುಬಂದಿತು. ಆ ದೀರ್ಘಕಾಲದಲ್ಲಿ ಬೇರಿಂಗ್ ಪ್ರದೇಶ ಕ್ರಮೇಣ ತಣ್ಣಗಾಗುತ್ತ ಬ೦ದುದಕ್ಕೆ ಇದು ಸರಿಹೊಂದುತ್ತದೆ. ಅರುವತ್ತಾರು ವರ್ಷಗಳ ಹಿಂದೆ ಒಬ್ಬನು ಬರಿಯ ಸೂಕ್ಷ್ಮದರ್ಶಕದಿಂದ ಓದಿದ್ದ ಕಥೆಯನ್ನು ಡಿ.ಎನ್.ಎ. ಅಕ್ಷರಶಃ ದೃಢಪಡಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಡೆದ ಮತ್ತೊಂದು ಪರೀಕ್ಷೆ ಕಾರ್ನರ್ ನೀಲಿಯು ತನ್ನದೇ ಪ್ರತ್ಯೇಕ ವಂಶವುಳ್ಳದ್ದೆಂದು ತೋರಿಸಿತು.

ಹೆಸರಿಟ್ಟು ಗುರುತಿಸುವುದು ಬರಿಯ ಪಾಂಡಿತ್ಯದ ವಿಷಯವಲ್ಲ. ನಬೊಕೊವ್ ಹಾರ್ವರ್ಡಿನಲ್ಲಿ ಹುರುಪೆಗಳನ್ನು ಎಣಿಸುತ್ತಿದ್ದ ಕಾಲದಲ್ಲೇ ಅಮೆರಿಕದ ಇನ್ನೊಂದು ತೀರದಲ್ಲಿ ಕ್ಸರ್ಸೀಸ್ ನೀಲಿ ಎಂಬ ಚಿಟ್ಟೆ ಶಾಶ್ವತವಾಗಿ ಅಳಿದುಹೋಯಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮರಳುದಿಬ್ಬಗಳಷ್ಟೇ ಅದರ ನೆಲೆ. ನಗರ ಬೆಳೆದು ದಿಬ್ಬಗಳ ಮೇಲೆ ಮನೆಗಳೆದ್ದಾಗ ಅದಕ್ಕೆ ಹೋಗಲು ಬೇರೆ ಎಡೆಯಿರಲಿಲ್ಲ. ಕಾರ್ನರ್ ನೀಲಿಗೂ ಅದೇ ಗತಿ ಒದಗುವುದರಲ್ಲಿತ್ತು. ಪೈನ್ ಕಾಡುಗಳಲ್ಲಿ ಆಗಾಗ ಹಬ್ಬುತ್ತಿದ್ದ ಬೆಂಕಿಯನ್ನು ಜನರು ಆರಿಸತೊಡಗಿದ ಮೇಲೆ ಮರಗಳು ಒತ್ತಾಗಿ ಬೆಳೆದವು. ಬಿಸಿಲಿಲ್ಲದೆ ಲೂಪಿನ್ ಗಿಡ ಕ್ಷೀಣಿಸಿತು. ಗಿಡದೊಡನೆ ಚಿಟ್ಟೆಯೂ ಕ್ಷೀಣಿಸಿತು. ರಸ್ತೆ, ಕಟ್ಟಡಗಳು ಉಳಿದ ನೆಲವನ್ನು ನುಂಗಿದವು. ೧೯೯೨ರಲ್ಲಿ ಅಮೆರಿಕ ಸರ್ಕಾರವು ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿ ರಕ್ಷಣೆ ನೀಡಿತು. ಆಲ್ಬನಿಯ ಕಾಪುಕಾಡಿನಲ್ಲಿ ಎಚ್ಚರಿಕೆಯಿಂದ ಮಿತವಾದ ಬೆಂಕಿ ಹಚ್ಚಿ, ಲೂಪಿನ್ ಬೀಜ ಬಿತ್ತಿ, ಸಾಕಿದ ಚಿಟ್ಟೆಗಳನ್ನು ಬಿಟ್ಟು ಅವುಗಳ ಸಂಖ್ಯೆಯನ್ನು ಮತ್ತೆ ಹೆಚ್ಚಿಸಲಾಯಿತು. ಗುರುತಿಲ್ಲದ ಜೀವಿಯನ್ನು ಕಾಪಾಡುವವರಿಲ್ಲ. ನಬೊಕೊವ್ ಅದಕ್ಕೆ ಕೊಟ್ಟ ಹೆಸರೇ ಅದರ ಮೊದಲ ರಕ್ಷೆಯಾಯಿತು.

ಅರಮನೆಯಂಥ ಮನೆ, ತಾಯ್ನಾಡು, ತಂದೆ, ಕೊನೆಗೆ ಬರೆಯುವ ಭಾಷೆಯನ್ನು ಸಹ ನಬೊಕೊವ್ ಬಿಡಬೇಕಾಯಿತು. ಯಾರೂ ಕಸಿದುಕೊಳ್ಳಲಾಗದ ಒಂದನ್ನು ಮಾತ್ರ ಅವನು ದೇಶದಿಂದ ದೇಶಕ್ಕೆ ಒಯ್ದನು. ಅದು ಸಣ್ಣದನ್ನು ಸಣ್ಣದೆಂದು ಕಡೆಗಣಿಸದೆ ನೋಡುವ ನೋಟ. ಪ್ರಶಂಸೆ ಬರಲೆಂದು ಅವನು ಹುರುಪೆಗಳನ್ನು ಎಣಿಸಲಿಲ್ಲ. ಬಾರದಿದ್ದಾಗ ಎಣಿಸುವುದನ್ನು ನಿಲ್ಲಿಸಲೂ ಇಲ್ಲ. ಸತ್ಯವು ಅವನ ಕಡೆಗಿದೆ ಎಂದು ಲೋಕ ಸಾರಿದಾಗ ಕೇಳಲು ಅವನಿರಲಿಲ್ಲ. ಆದರೆ ಹಾರ್ವರ್ಡಿನ ಪೆಟ್ಟಿಗೆಗಳಲ್ಲಿ ಅವನು ಬಿಡಿಸಿಟ್ಟ ಸೂಕ್ಷ್ಮಾಂಗಗಳು ಇಂದಿಗೂ ಇವೆ. ಬೇಸಗೆಯಲ್ಲಿ ಲೂಪಿನ್ ಹೂವಾದಾಗ ಆಲ್ಬನಿಯ ಮರಳುನೆಲದ ಮೇಲೆ ಅವನು ಹೆಸರಿಟ್ಟ ನೀಲಿ ಚಿಟ್ಟೆಗಳು ಹಾರುತ್ತವೆ.